ಬಾಲ್ಕನಿಯಲ್ಲಿ ಪ್ರಕೃತಿ ಡೈರಿ: ಮಗ ಮೂರೇ ದಿನಕ್ಕೆ ಕೈಬಿಟ್ಟ, ಏನು ಮಾಡಲಿ?

ಎರಡನೇ ಮಹಡಿ · ಜೂನ್ 8, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಬೆಂಗಳೂರು, ಅಪಾರ್ಟ್‌ಮೆಂಟು, ಎಂಟು ವರ್ಷದ ಮಗ. ರಜೆಯಲ್ಲಿ ಮೊಬೈಲ್ ಬಿಡಿಸೋಣ ಅಂತ ಪ್ರಕೃತಿ ಡೈರಿ ಶುರು ಮಾಡಿಸಿದೆ. ದಪ್ಪ ಹಾಳೆಯ ಸ್ಕೆಚ್ ಬುಕ್ಕು, 24 ಬಣ್ಣದ ಪೆನ್ಸಿಲ್ಲು ಎಲ್ಲಾ ತಂದೆ. ಮೊದಲನೇ ದಿನ ಯೂಟ್ಯೂಬ್ ನೋಡಿಕೊಂಡು ಸೂರ್ಯಕಾಂತಿ ಬಿಡಿಸಿದ. ನಮ್ಮ ಬೀದೀಲಿ ಸೂರ್ಯಕಾಂತಿನೇ ಇಲ್ಲ! ಎರಡನೇ ದಿನ ಒಂದು ಎಲೆ. ಮೂರನೇ ದಿನ "ಅಮ್ಮಾ, ಇವತ್ತೂ ಎಲೆನಾ?" ಅಂದ. ಅಲ್ಲಿಗೆ ಮುಗೀತು. ಪುಸ್ತಕ ಈಗ ಟೀವಿ ಸ್ಟ್ಯಾಂಡ್ ಕೆಳಗಿದೆ.

ತೊಂದರೆ ನನ್ನಲ್ಲೇ ಇರಬೇಕು. ನನಗೆ ಹೊಂಗೆ ಯಾವುದು, ಬೇವು ಯಾವುದು ಅಂತಾನೇ ಗೊತ್ತಾಗಲ್ಲ. "ಅದೇನಮ್ಮ?" ಅಂದರೆ "ಯಾವುದೋ ಹಕ್ಕಿ ಪುಟ್ಟಾ" ಅಂತೀನಿ. ನಮ್ಮಜ್ಜಿಗೆ ಇದೆಲ್ಲಾ ಬಾಯಲ್ಲೇ ಇತ್ತು. ನಾನೇ ಕೇಳಿಸಿಕೊಳ್ಳಲಿಲ್ಲ.

ಬಾಲ್ಕನಿಯಲ್ಲಿ ಇರೋದು ಕರಿಬೇವು, ತುಳಸಿ, ದೊಡ್ಡಪತ್ರೆ, ಸತ್ತಿದೆಯೋ ಬದುಕಿದೆಯೋ ಗೊತ್ತಾಗದ ಒಂದು ಗುಲಾಬಿ. ಇಷ್ಟರಲ್ಲಿ ನೋಡೋದಕ್ಕೆ ಏನಿದೆ ಹೇಳಿ? ಶಾಲೆ ಬೇರೆ ಶುರುವಾಗಿದೆ.

ಮಲೆನಾಡ ಮೇಷ್ಟ್ರು · ಜೂನ್ 9, ಬೆಳಿಗ್ಗೆ 6:05

ಮೇಡಂ, ಮೊದಲು ಆ ದಪ್ಪ ಹಾಳೆ ಪುಸ್ತಕ ಅಲ್ಲೇ ಇರಲಿ ಬಿಡಿ. ಒಳ್ಳೇ ಪುಸ್ತಕ ಕಂಡರೆ ಮಕ್ಕಳಿಗೆ ಕೈ ಏಳಲ್ಲ, ಹಾಳಾದರೆ ಬೈಸಿಕೊಳ್ಳಬೇಕಲ್ಲ ಅಂತ. ನಮ್ಮ ಶಾಲೆ ಮಕ್ಕಳ ಹತ್ರ ಇರೋದು ಗೆರೆ ಇಲ್ಲದ ನೂರು ಪುಟದ ನೋಟ್‌ಬುಕ್ಕು. ಹಿಂದೆ ಒಂದು ರಟ್ಟು, ದಾರ ಕಟ್ಟಿದ ಒಂದು ಪೆನ್ಸಿಲ್ಲು. ಬಣ್ಣ ಬೇಕಾದವರು ಹೂವನ್ನೇ ತಿಕ್ತಾರೆ.

ಬಿಡಿಸು ಅಂತ ಹೇಳಲೇಬೇಡಿ. ಒಂದೇ ಜಾಗದಲ್ಲಿ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂರಿಸಿ, ನೀವೂ ಕೂರಿ. ಆಮೇಲೆ ಪುಟದಲ್ಲಿ ಮೂರು ಮಾತು ಬರೆಸಿ: ಕಂಡದ್ದು, ಕೇಳಿದ್ದು, ಊಹೆ. ತಾನೇ ನೋಡಿದ್ದು ಮೊದಲನೇದಕ್ಕೆ. ಅಜ್ಜ ಹೇಳಿದ್ದು, ಮೇಷ್ಟ್ರು ಹೇಳಿದ್ದು, ಮೊಬೈಲು ಹೇಳಿದ್ದು ಎಲ್ಲಾ ಎರಡನೇದಕ್ಕೆ, ಯಾರು ಹೇಳಿದರು ಅಂತ ಸೇರಿಸಿ. ಉಳಿದದ್ದು ಊಹೆ. ಒಬ್ಬ ಹುಡುಗ "ಮರಕುಟಿಗ ಮರಕ್ಕೆ ಔಷಧಿ ಹಾಕ್ತಾ ಇತ್ತು" ಅಂತ ಬರೆದುಕೊಂಡು ಬಂದ. ಏನು ಕಂಡೆ ಮಾರಾಯ ಅಂದೆ. ಯೋಚನೆ ಮಾಡಿ, "ಕುಟ್ಟಿದ್ದು ಕಂಡೆ. ಔಷಧಿ ನಂದು" ಅಂದ.

ನಿಮಗೆ ಹೆಸರು ಗೊತ್ತಿಲ್ಲದಿದ್ದರೆ ಒಳ್ಳೇದೇ ಆಯ್ತು. ಗೊತ್ತಿರುವವರು ಹೆಸರು ಹೇಳಿ ಮುಂದೆ ಹೋಗಿಬಿಡ್ತಾರೆ.

ಮಳೆಗಾಲಕ್ಕೆ ಇನ್ನೊಂದು ಕೆಲಸ ಇದೆ. ನೆಟ್ಟಗಿರೋ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಭಾಗ ಕತ್ತರಿಸಿ, ತಲೆಕೆಳಗು ಮಾಡಿ ಆಲಿಕೆ ಹಾಗೆ ಅದರಲ್ಲೇ ಕೂರಿಸಿ. ಬಾಟಲಿ ತಳ ಸಮ ಇರಲ್ಲ, ಅದಕ್ಕೆ ಒಂದಿಷ್ಟು ಕಲ್ಲು ಹಾಕಿ ನೇರ ಭಾಗ ಶುರುವಾಗೋ ತನಕ ನೀರು ತುಂಬಿ. ಅದೇ ಸೊನ್ನೆ. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿ. ನೀರು ಒಂದು ಮಿಲಿಮೀಟರ್ ಏರಿದರೆ ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ಮಳೆ ಬಿತ್ತು ಅಂತ ಲೆಕ್ಕ. ಹವಾಮಾನ ಇಲಾಖೆಯವರು ದಿನದ ಮಳೆ ಅಳೆಯೋದು ಬೆಳಿಗ್ಗೆ 8:30ಕ್ಕೆ. ನಮ್ಮ ಹುಡುಗರೂ ಅದೇ ಹೊತ್ತಿಗೆ ಛತ್ರಿ ಹಿಡಿದು ಸಾಲಾಗಿ ನಿಲ್ತಾರೆ. ಹೋದ ವರ್ಷ ಒಂದು ಬೆಳಿಗ್ಗೆ ಬಾಟಲಿ ಒಳಗೆ ಸಣ್ಣ ಕಪ್ಪೆ ಕೂತಿತ್ತು. ಅದು ಇದ್ದಾಗೊಮ್ಮೆ, ತೆಗೆದ ಮೇಲೊಮ್ಮೆ ಅಳೆದಿದ್ದಾರೆ. ಆ ದಿನದ ಪುಟದಲ್ಲಿ ಹೀಗಿದೆ: "ಮಳೆ 61 ಮಿ.ಮೀ. ಕಪ್ಪೆ 2 ಮಿ.ಮೀ."

ಹೊಂಗೆ ನೆರಳು · ಜೂನ್ 9, ಮಧ್ಯಾಹ್ನ 1:40

ನಾನೂ ಬೆಂಗಳೂರಿನ ಫ್ಲ್ಯಾಟ್ ಅಪ್ಪ. ಬಾಲ್ಕನಿಯಿಂದ ಕೆಳಗೆ ನೋಡಿ, ಒಂದು ಮರ ಆದರೂ ಕಾಣುತ್ತೆ. ಒಂದೇ ಮರ ಹಿಡಿದುಕೊಳ್ಳಿ, ವಾರಕ್ಕೊಮ್ಮೆ ನೋಡಿ ಬರೆಯಿರಿ. ನನ್ನ ಮಗಳದ್ದು ನಮ್ಮ ಗೇಟಿನ ಎದುರಿನ ಹೊಂಗೆ. ಫೆಬ್ರವರಿಯಲ್ಲಿ ಎಲೆ ಉದುರಿತು, ಮಾರ್ಚ್‌ನಲ್ಲಿ ಎಣ್ಣೆ ಹಚ್ಚಿದ ಹಾಗೆ ಹೊಳೆಯೋ ಹೊಸ ಎಲೆ. ಏಪ್ರಿಲ್‌ನಲ್ಲಿ ಕೆಳಗೆ ನಿಲ್ಲಿಸಿದ್ದ ಕಾರಿನ ಮೇಲೆಲ್ಲಾ ಮಂಡಕ್ಕಿ ಚೆಲ್ಲಿದ ಹಾಗೆ ಹೂ. ಈಗ ಎಲೆ ಮೇಲೆ ಮೊಡವೆ ಎದ್ದ ಹಾಗೆ ಗಂಟುಗಳಿವೆ. ಅದು ನುಸಿ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಮಾಡೋ ಕೆಲಸ. ಇವಳು "ಮರಕ್ಕೆ ಹದಿವಯಸ್ಸು" ಅಂತ ಬರೆದಿದ್ದಾಳೆ, ಪುಣ್ಯಕ್ಕೆ ಊಹೆ ಅನ್ನೋ ಕಡೆ.

ಸೀಸನ್‌ವಾಚ್ ಅಂತ ಜನರೇ ಮರ ನೋಡಿ ಬರೆದು ಕಳಿಸೋ ಒಂದು ಯೋಜನೆ ಇದೆ, ಅವರೂ ಕೇಳೋದು ಇಷ್ಟೇ: ಒಂದು ಮರ ಆರಿಸಿಕೊಳ್ಳಿ, ವಾರಕ್ಕೊಮ್ಮೆ ಎಲೆ, ಹೂ, ಕಾಯಿ ಇಲ್ಲವೋ, ಸ್ವಲ್ಪ ಇದೆಯೋ, ತುಂಬಾ ಇದೆಯೋ ಬರೆಯಿರಿ. ಕೇರಳದ ಶಾಲೆ ಮಕ್ಕಳು ಇದರಲ್ಲಿ ಬಹಳ ಮುಂದಿದ್ದಾರೆ. ಬೆಂಗಳೂರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. 1908ರಿಂದ 1932ರ ತನಕ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ನರ ಕ್ರುಂಬಿಗಲ್, ಒಂದು ಜಾತಿ ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಅರಳಬೇಕು ಅನ್ನೋ ಲೆಕ್ಕದಲ್ಲಿ ಬೀದಿಮರ ಆರಿಸಿದ್ದರು. ಜಕರಂಡ ಮುಗೀತು ಅನ್ನುವಾಗ ಗುಲ್‌ಮೊಹರ್ ಕೆಂಪಾಗೋದು ಸುಮ್ಮನೆ ಅಲ್ಲ. ಹತ್ತಿರದಲ್ಲಿ ಮಳೆಮರ ಇದ್ದರೆ ಸಂಜೆ ಆರೂವರೆಗೆ ನೋಡಿ, ಎಲೆಗಳು ಕೈ ಮುಗಿದುಕೊಂಡಿರುತ್ತವೆ. ದಟ್ಟ ಮೋಡ ಕವಿದರೆ ಹಗಲಲ್ಲೂ ಮುಚ್ಚಿಕೊಳ್ಳುತ್ತೆ.

ಮನೆಶಾಲೆ ಮೈಸೂರು · ಜೂನ್ 9, ರಾತ್ರಿ 9:15

ನಾವು ಮನೆಯಲ್ಲೇ ಕಲಿಸೋರು. ಇಂಗ್ಲೆಂಡಿನ ಶಾರ್ಲೆಟ್ ಮೇಸನ್ (1842–1923) ಹೇಳಿದ ಕ್ರಮ ಅನುಸರಿಸ್ತೀವಿ. ವರ್ಷದ ಮೊದಲ ಓಕ್ ಎಲೆ, ಮೊದಲ ಗೊದಮೊಟ್ಟೆ ಕಂಡದ್ದು ಯಾವತ್ತು, ಎಲ್ಲಿ ಅಂತ ಮಕ್ಕಳು ಕ್ಯಾಲೆಂಡರ್ ಇಡಬೇಕು ಅಂತ ಆಕೆ ಬರೆದಿದ್ದರು. ಒಂದು ವರ್ಷ ನಾನು ಓಕ್ ಇಲ್ಲ ಅಂತ ಕೊರಗಿದ್ದೂ ಇದೆ, ನಗಬೇಡಿ. ಈಗ ನಮ್ಮ ಪಟ್ಟಿ: ಮೊದಲ ಮಾವಿನ ಹೂ, ಮೊದಲ ಕೋಗಿಲೆ ಕೂಗು, ದೀಪಕ್ಕೆ ಮುತ್ತಿದ ಮೊದಲ ಈಸಲು ಹುಳ. ಅಡುಗೆಮನೆ ಗೋಡೆ ಕ್ಯಾಲೆಂಡರಿನಲ್ಲೇ, ಹಾಲಿನ ಲೆಕ್ಕದ ಪಕ್ಕ.

ಧಾರವಾಡದ ಅಜ್ಜಿ · ಜೂನ್ 10, ಬೆಳಿಗ್ಗೆ 11:30

ತಂಗಿ, ಹೆಸರ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು, ಅದರಾಗೇನೈತಿ? ನಾ 68 ವರ್ಷದಾಕಿ, ನನಗೂ ಎಲ್ಲಾ ಗೊತ್ತಿಲ್ಲ.

ನಿಮ್ಮ ಇಂಗ್ಲಿಷ್ ಕ್ಯಾಲೆಂಡರ್ ಇರ್ಲಿ. ನಾ ನನ್ನ ಮೊಮ್ಮಕ್ಕಳಿಗೆ ಮಳಿ ನಕ್ಷತ್ರದ ಪುಸ್ತಕ ಹಾಕಿ ಕೊಟ್ಟೀನಿ. ಒಂದ ನಕ್ಷತ್ರ ಹದಿಮೂರ ಹದಿನಾಕ ದಿನ ಇರ್ತೈತಿ, ಅದಕ್ಕೊಂದ ಪುಟ. ಮ್ಯಾಲ ಆ ಮಳಿ ಗಾದಿ ಬರಿಯೂದು. ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ, ಆದ್ರ ಆರಿದ್ರಾ ಇಲ್ಲಂದ್ರ ದರಿದ್ರ, ಹಿಂಗ. ಕೆಳಗ ಖರೇ ಏನಾತು ಅಂತ ಬರಿಯೂದು. ಮಾಸ್ತರ ಹೇಳಿದ ಲೆಕ್ಕದಾಗ ಗಾದಿ ಕೇಳಿದ್ದು, ಬಾಟ್ಲಿ ನೀರು ಕಂಡದ್ದು, ಹೌದಿಲ್ಲೋ?

ಈಗ ಮಿರಗ, ಅಂದ್ರ ಮೃಗಶಿರಾ ಮಳಿ, ಹಿಡದು ಎರಡ ಮೂರ ದಿನ ಆತು. ಮಿರಗದ ಮಳಿ ಬಿದ್ದ ಮರುದಿನ ಹೊಲದಾಗ ಕೆಂಪ ಮಕಮಲ್ ಅರಿವಿ ತುಣುಕ ಕಾಲ ಬಂದು ನಡದಾಡಿದಂಗ ಹುಳ ಕಾಣ್ತಾವ. ಮಿರಗದ ಹುಳ ಅಂತೀವಿ ನಾವು. ಮೊಮ್ಮಗ ಭೂತಗನ್ನಡಿ ಹಿಡದು ಕಾಲ ಎಣಿಸಿದ, ಎಂಟು! "ಅಜ್ಜಿ, ಹುಳಕ್ಕ ಆರ ಕಾಲ ಇರ್ತಾವಂತ ಟೀಚರ್ ಹೇಳ್ಯಾರ, ಇದು ಹುಳಾ ಅಲ್ಲ" ಅಂದ. ಜ್ಯಾಡದ ಬಳಗದ್ದಂತ ಅದು. ಅರವತ್ತ ವರ್ಷ ನೋಡೀನಿ, ಕಾಲ ಎಣಿಸಿದ್ದಿಲ್ಲ ನಾ.

ಎರಡನೇ ಮಹಡಿ · ಜೂನ್ 12, ರಾತ್ರಿ 9:50

ಎಲ್ಲರಿಗೂ ಧನ್ಯವಾದ. ನಿನ್ನೆಯಿಂದ ಮತ್ತೆ ಶುರು ಮಾಡಿದ್ವಿ. ಹಳೇ ಲೆಕ್ಕದ ಪುಸ್ತಕದ ಹಿಂಬದಿ ಪುಟಗಳು. ಹತ್ತು ನಿಮಿಷ ಅಂದಿದ್ದೆ, ನಾಲ್ಕಕ್ಕೇ ಒದ್ದಾಡಿದ. ಐದನೇ ನಿಮಿಷಕ್ಕೆ ಒಂದು ಕಪ್ಪು ಚಿಟ್ಟೆ ಬಂತು. ಕರಿಬೇವಿನ ಚಿಗುರಿನ ಮೇಲೆ ಕೂರಲೇ ಇಲ್ಲ, ರೆಕ್ಕೆ ಬಡೀತಾನೇ ಬಾಲ ಬಗ್ಗಿಸಿ ತಾಗಿಸಿತು, ಹಾರಿತು. ಇನ್ನೊಂದು ಚಿಗುರಿಗೆ ಮತ್ತೆ ಹಾಗೇ. ಹೋಗಿ ನೋಡಿದರೆ ಸಾಸಿವೆಗಿಂತ ಚಿಕ್ಕ, ತಿಳಿ ಹಳದಿ, ದುಂಡಗಿನ ಮುತ್ತು. ಎರಡು! ಮಗ ಅದೆಷ್ಟು ಕೂಗಿದ ಅಂದರೆ ಪಕ್ಕದ ಮನೆಯವರು ಏನಾಯ್ತು ಅಂತ ಬಂದರು.

ಇನ್ನೊಂದು ಪ್ರಶ್ನೆ. ಎದುರಿನ ಮರಕ್ಕೆ ಒಂದು ಹಕ್ಕಿ ಬರುತ್ತೆ. ಕಂದು ಮೈ, ಮೇಲೆಲ್ಲಾ ಬಿಳಿ ಚುಕ್ಕೆ, ಹೊಟ್ಟೆ ಮೇಲೆ ಪಟ್ಟೆ, ಕೆಂಪು ಕಣ್ಣು, ಉದ್ದ ಬಾಲ. ಕಾಗೆ ಅಟ್ಟಿಸಿಕೊಂಡು ಹೋಗುತ್ತೆ. ಮಗ ಅದಕ್ಕೆ "ಚುಕ್ಕೆ ಶರ್ಟ್" ಅಂತ ಹೆಸರಿಟ್ಟಿದ್ದಾನೆ. ಏನದು?

ಜೀವಶಾಸ್ತ್ರದವ · ಜೂನ್ 12, ರಾತ್ರಿ 10:30

ಹೆಣ್ಣು ಕೋಗಿಲೆ. ಕೂಹೂ ಅನ್ನೋದು ಕಪ್ಪಗಿರೋ ಗಂಡು. ಹೆಣ್ಣಿನದು ಕಿಕ್ ಕಿಕ್ ಕಿಕ್ ಅನ್ನೋ ಚುರುಕು ಕೂಗು. ಕಾಗೆ ಅಟ್ಟೋದಕ್ಕೆ ಕಾರಣ ಇದೆ, ಅದು ಮೊಟ್ಟೆ ಇಡೋದೇ ಕಾಗೆ ಗೂಡಲ್ಲಿ. ದಯವಿಟ್ಟು ಮಗುವಿಗೆ ಈಗಲೇ ಹೇಳಿ. ಹೆಸರು ಹೇಳಬೇಡಿ ಅನ್ನೋದು ನನಗೆ ಒಪ್ಪಿಗೆ ಇಲ್ಲ, ಅದು ದೊಡ್ಡವರ ಸೋಮಾರಿತನಕ್ಕೆ ಇಟ್ಟ ಚೆಂದದ ಹೆಸರು. ಬಿಎಸ್ಸಿಗೆ ಬರೋ ಮಕ್ಕಳು ನನಗೆ "ಸರ್, ಒಂದು ಕಂದು ಹಕ್ಕಿ" ಅಂತಾರೆ. ಹೆಸರು ಗೊತ್ತಿಲ್ಲದೆ ಪುಸ್ತಕದಲ್ಲಿ ಯಾವ ಪುಟ ತೆಗೀತೀರಿ? ಇನ್ನೊಬ್ಬರನ್ನ ಏನಂತ ಕೇಳ್ತೀರಿ?

ಮಲೆನಾಡ ಮೇಷ್ಟ್ರು · ಜೂನ್ 13, ಬೆಳಿಗ್ಗೆ 5:55

ಸರ್, ಹೆಸರು ಬೇಡ ಅಂದಿಲ್ಲ ನಾನು. ಅವಸರ ಬೇಡ ಅಂದೆ. ಆ ಹುಡುಗ ಚುಕ್ಕೆ, ಪಟ್ಟೆ, ಕೆಂಪು ಕಣ್ಣು, ಕಾಗೆ ಜಗಳ ನಾಲ್ಕೂ ನೋಡಿದ್ದಾನೆ. ಮೊದಲ ದಿನವೇ "ಕೋಗಿಲೆ" ಅಂದಿದ್ದರೆ ನಾಲ್ಕೂ ಹೋಗ್ತಿತ್ತು. "ಕೋಗಿಲೆ ಕಪ್ಪಲ್ವಾ, ಅಮ್ಮಂಗೆ ಗೊತ್ತಿಲ್ಲ" ಅಂತ ಎದ್ದು ಹೋಗ್ತಿದ್ದ.

ಜೀವಶಾಸ್ತ್ರದವ · ಜೂನ್ 13, ಬೆಳಿಗ್ಗೆ 8:10

ಇನ್ನೂ ಆರು ತಿಂಗಳು ಚುಕ್ಕೆ ಶರ್ಟ್ ಅಂತಲೇ ಇದ್ದರೆ? ತಪ್ಪು ಗಟ್ಟಿಯಾದ ಮೇಲೆ ಕೀಳೋದು ಕಷ್ಟ ಮೇಷ್ಟ್ರೆ. ನೀವು ಪ್ರೈಮರಿಯಲ್ಲಿ ಆಟ ಆಡಿಸಿ ಕಳಿಸ್ತೀರಿ, ತಿದ್ದೋ ಕೆಲಸ ನಮ್ಮ ತಲೆಗೆ ಬರುತ್ತೆ.

ನಿರ್ವಾಹಕ · ಜೂನ್ 13, ಬೆಳಿಗ್ಗೆ 9:00

ಪ್ರೈಮರಿ–ಕಾಲೇಜು ಜಗಳದ ಎರಡು ಉತ್ತರ ತೆಗೆದಿದ್ದೇನೆ. ಕೋಗಿಲೆ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ.

ಹೊಂಗೆ ನೆರಳು · ಜೂನ್ 13, ಬೆಳಿಗ್ಗೆ 9:20

ಮೇಷ್ಟ್ರ ಪದ್ಧತಿಯಲ್ಲೇ ಜಾಗ ಇದೆಯಲ್ಲ? "ಕೇಳಿದ್ದು: ಹೆಣ್ಣು ಕೋಗಿಲೆ, ಹೇಳಿದವರು ಕಾಲೇಜಿನ ಅಂಕಲ್." ಕಿಕ್ ಕಿಕ್ ಕೂಗು ಅದರ ಬಾಯಿಂದಲೇ ಬಂದದ್ದು ನೋಡಿದ ದಿನ ಕಂಡದ್ದಕ್ಕೆ ಬಡ್ತಿ. ಮೊಬೈಲ್ ಆ್ಯಪ್‌ಗೂ ನಮ್ಮನೇಲಿ ಇದೇ ಕಾನೂನು. ಕೂಗು ಕೇಳಿ ಹೆಸರು ಹೇಳೋ ಮರ್ಲಿನ್ ಒಳ್ಳೇದೇ, ಆದರೆ ಮಗಳು ಹಕ್ಕಿ ಬಿಟ್ಟು ಪರದೆ ನೋಡೋಕೆ ಶುರು ಮಾಡಿದಳು. ಈಗ ಬರೆದಾದ ಮೇಲೆ ಮೊಬೈಲು.

ಜೀವಶಾಸ್ತ್ರದವ · ಜೂನ್ 13, ಬೆಳಿಗ್ಗೆ 9:45

ಇದಾದರೆ ನನ್ನ ತಕರಾರಿಲ್ಲ. "ಕಾಲೇಜಿನ ಅಂಕಲ್" ಅನ್ನೋದು ಬಿಟ್ಟು.

ಕುಂದಾಪುರದ ಅಮ್ಮ · ಜೂನ್ 13, ಸಂಜೆ 6:30

ಎರಡನೇ ಮಹಡಿಯವರೇ, ಹುಳವನ್ನ ಬಾಟಲಿಗೆ ಹಾಕ್ಬೇಡಿ ಅಂತ ಹೇಳೋಕೆ ಬಂದೆ. ನಾನು ಮುಚ್ಚಳಕ್ಕೆ ತೂತು ಮಾಡಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಕಿದ್ದೆ. ಎಲೆ ಬೆವತು, ಬೂಸ್ಟು ಬಂದು ಸತ್ತಿತು. ಗಿಡದ ಮೇಲೇ ಇರಲಿ.

ಇನ್ನೊಂದು, ಮಗನಿಗೆ ಮುಂಚೆಯೇ ಹೇಳಿಡಿ. ನಮ್ಮ ಎರಡನೇ ಹುಳ ಚೆಂದ ಕೋಶ ಕಟ್ಟಿತು. ಮಗಳು ದಿನಾ ಶಾಲೆಗೆ ಹೋಗುವಾಗ ಟಾಟಾ ಮಾಡ್ತಿದ್ದಳು. ಹದಿನೈದು ದಿನ ಆದ ಮೇಲೆ ಕೋಶದ ಪಕ್ಕದಲ್ಲಿ ಸೂಜಿ ಚುಚ್ಚಿದಂಥ ತೂತು, ಅದರಿಂದ ಇರುವೆಗಿಂತ ಸಣ್ಣ ಕಣಜಗಳು ಒಂದೊಂದೇ ಹೊರಗೆ. ಚಿಟ್ಟೆಯನ್ನ ಒಳಗಿಂದಲೇ ತಿಂದಿದ್ವು. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪುಟದಲ್ಲಿ "23 ಕಣಜ ಹುಟ್ಟಿದವು" ಅಂತಿತ್ತು. ಸತ್ತಿತು ಅಂತ ಬರೆದಿರಲಿಲ್ಲ.

ಜರ್ಸಿ ಕನ್ನಡಿಗ · ಜೂನ್ 14, ಬೆಳಿಗ್ಗೆ 7:00

ನ್ಯೂಜೆರ್ಸಿಯಿಂದ. 2021ರ ಮೇ ಕೊನೆಯಲ್ಲಿ ಇಲ್ಲಿ ಪ್ರಿನ್ಸ್‌ಟನ್ ಸುತ್ತಮುತ್ತ ಹದಿನೇಳು ವರ್ಷಕ್ಕೊಮ್ಮೆ ನೆಲದಿಂದ ಮೇಲೆ ಬರೋ ಜೀರುಂಡೆಗಳು ಎದ್ದಿದ್ದವು. ಕೆಂಪು ಕಣ್ಣು, ಕಿವಿ ಗುಂಯ್‌ಗುಡೋ ಸದ್ದು, ಕಾಲಿಟ್ಟಲ್ಲೆಲ್ಲಾ ಸಿಪ್ಪೆ. ಮಗಳಿಗೆ ಆಗ ಆರು ವರ್ಷ. ಒಂದು ಸಿಪ್ಪೆಯನ್ನ ಪುಟಕ್ಕೆ ಅಂಟಿಸಿ ಕೆಳಗೆ "2038" ಅಂತ ಬರೆದಿದ್ದಾಳೆ. ಆಗ ಅವಳಿಗೆ 23. ನಮ್ಮ ಊರಿನ ಮಳೆಗಾಲದ ಜೀರುಂಡೆ ಸದ್ದು ನೆನಪಾಗಿ ನಾನು ಆವತ್ತು ರಾತ್ರಿ ಅಮ್ಮನಿಗೆ ಫೋನ್ ಹಚ್ಚಿ ಸುಮ್ಮನೆ ಕೇಳಿಸಿದೆ.

ಧಾರವಾಡದ ಅಜ್ಜಿ · ಜೂನ್ 14, ಮಧ್ಯಾಹ್ನ 12:10

ನನ್ನ ಮಗಳೂ ಆ ಕಡೇನ ಅದಾಳಪ್ಪ. ಹೋದ ವರ್ಷ ಮೊಮ್ಮಗಳು ವಿಡಿಯೋ ಕಾಲ್‌ನಾಗ ಅವರ ಅಂಗಳದ ಮಿಲ್ಕ್‌ವೀಡ್ ಗಿಡದ ಮ್ಯಾಲಿನ ಹುಳ ತೋರಿಸಿದ್ಲು. ಕರಿ, ಹಳದಿ, ಬಿಳಿ ಪಟ್ಟಿ. ಮೊನಾರ್ಕ್ ಪಾತರಗಿತ್ತಿ ಆಗ್ತೈತಂತ. ಅಯ್ಯ, ಇಂಥಾದ್ದ ನಮ್ಮ ಹಿತ್ತಲದ ಎಕ್ಕಿ ಗಿಡದ ಮ್ಯಾಲ ಐತೆಲ್ಲ ಅಂದೆ. ಆಕಿ ಒಪ್ಪವಲ್ಲಳು. ಇಬ್ಬರೂ ಪುಸ್ತಕದಾಗ ಬರದು ತಾಳಿ ನೋಡಿದ್ವಿ. ಆಕಿ ಹುಳಕ್ಕ ಕೋಡು ನಾಕು, ನನ್ನದಕ್ಕ ಆರು! ನಾ ಗೆದ್ದೆನೋ ಆಕಿ ಗೆದ್ಲೋ ಇನ್ನೂ ತೀರ್ಮಾನ ಆಗಿಲ್ಲ.

ಜೀವಶಾಸ್ತ್ರದವ · ಜೂನ್ 14, ಮಧ್ಯಾಹ್ನ 12:50

ಅಜ್ಜಿ, ಇಬ್ಬರೂ ಗೆದ್ದಿರಿ. ಎಕ್ಕ ಮತ್ತು ಮಿಲ್ಕ್‌ವೀಡ್ ಒಂದೇ ಕುಟುಂಬದ ಗಿಡಗಳು. ಅವರ ಮೊನಾರ್ಕ್, ನಿಮ್ಮ ಎಕ್ಕದ ಪಾತರಗಿತ್ತಿ (ಪ್ಲೇನ್ ಟೈಗರ್) ಎರಡೂ ಡ್ಯಾನಸ್ ಅನ್ನೋ ಒಂದೇ ಕುಲದವು. ಮೊನಾರ್ಕ್ ಹುಳಕ್ಕೆ ಎರಡು ಜೊತೆ ಕೋಡಿನಂಥ ಎಳೆ, ಪ್ಲೇನ್ ಟೈಗರ್‌ಗೆ ಮೂರು ಜೊತೆ. ಗಿಡದ ಹಾಲಿನ ವಿಷವನ್ನ ಎರಡೂ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ, ಅದಕ್ಕೇ ಹಕ್ಕಿಗಳು ದೂರ. ಆ ಹಾಲು ಮಕ್ಕಳ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಕಣ್ಣಿಗೆ ಬಹಳ ಅಪಾಯ. ಎಣಿಸಿದ್ದಕ್ಕೆ ನಿಮಗೆ ನಮಸ್ಕಾರ. ನನ್ನ ವಿದ್ಯಾರ್ಥಿಗಳು ಎಣಿಸಲ್ಲ.

ಎರಡನೇ ಮಹಡಿ · ಜೂನ್ 22, ರಾತ್ರಿ 10:05

ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

14ನೇ ತಾರೀಖು ಮೊಟ್ಟೆ ಒಡೀತು. ಎರಡರಲ್ಲಿ ಒಂದು ಮಾಯ, ಇರುವೆ ಒಯ್ದಿರಬೇಕು (ಊಹೆ). ಇದ್ದದ್ದು ಮೊದಲು ತನ್ನ ಮೊಟ್ಟೆ ಸಿಪ್ಪೆಯನ್ನೇ ತಿಂತು. ಆಮೇಲೆ ಒಂದು ವಾರ ಅದು ಹುಳದ ಹಾಗೆ ಇರಲೇ ಇಲ್ಲ. ಕಂದು ಬಣ್ಣ, ನಡುವೆ ಬಿಳಿ ಮಚ್ಚೆ, ಮೇಲೆ ಒದ್ದೆ ಹೊಳಪು, ಥೇಟ್ ಕಾಗೆ ಹಿಕ್ಕೆ. ನಮ್ಮತ್ತೆ ಒಂದು ದಿನ ಅದನ್ನ ಬಟ್ಟೆಯಲ್ಲಿ ಒರೆಸೋಕೆ ಹೋದರು, ಮಗ ಅಡ್ಡ ನಿಂತ.

ಮೊನ್ನೆ ಪೊರೆ ಬಿಟ್ಟು ಎದ್ದರೆ ಪೂರ್ತಿ ಹಸಿರು! ಎಲೆ ಮಧ್ಯೆ ಕೂತರೆ ಎದುರಲ್ಲೇ ಇದ್ದರೂ ಕಾಣಲ್ಲ. ಮಗ ಪೆನ್ಸಿಲ್ ತುದಿಯಿಂದ ಮೆಲ್ಲಗೆ ಮುಟ್ಟಿದ್ದಕ್ಕೆ ತಲೆ ಹಿಂದಿನಿಂದ ಹಾವಿನ ನಾಲಿಗೆ ಥರ ಕಿತ್ತಳೆ ಬಣ್ಣದ ಎರಡು ಕೋಡು ಹೊರಗೆ ಬಂತು, ಜೊತೆಗೆ ಹುಳಿ ಹಣ್ಣು ಕೊಳೆತಂಥ ಗಬ್ಬು ವಾಸನೆ. "ವಾಸನೆ ಹೇಗೆ ಬಿಡಿಸೋದು?" ಅಂತ ನನ್ನ ಕೇಳಿದ. ನನಗೆ ಉತ್ತರ ತೋಚಲಿಲ್ಲ. ಅವನೇ ಕೊನೆಗೆ ಮೂಗು ಮುಚ್ಚಿಕೊಂಡ ಒಂದು ಹುಡುಗನ್ನ ಬಿಡಿಸಿದ.

ಚಿತ್ರ ಬಿಡಿಸಲ್ಲ ಅಂತಿದ್ದವನು ಈಗ ಎಣಿಸ್ತಾನೆ. ಶನಿವಾರ ಬೆಳಿಗ್ಗೆಯಿಂದ ಸಂಜೆ ತನಕ ಕುಂಡದ ಕೆಳಗೆ ಪೇಪರ್ ಹಾಸಿ ಹಿಕ್ಕೆ ಎಣಿಸಿದ, 37. ಉದ್ದ ಅಳೆಯೋಕೆ ಸ್ಕೇಲ್ ಬೇಡವಂತೆ, ಅವನ ಕಿರುಬೆರಳಿನ ಎರಡು ಗೆಣ್ಣು. ಮನೆಯಲ್ಲಿ ಒಗ್ಗರಣೆಗೆ ಕರಿಬೇವು ಅಂಗಡಿಯಿಂದ ತರ್ತಾ ಇದ್ದೀನಿ, ನಮ್ಮ ಗಿಡದ್ದು ಮುಟ್ಟೋ ಹಾಗಿಲ್ಲ.

ಚುಕ್ಕೆ ಶರ್ಟ್ ವಿಷಯ: ಹೆಣ್ಣು ಕೋಗಿಲೆ ಅಂತ ಹೇಳಿದೆ. "ಸುಳ್ಳು, ಕೋಗಿಲೆ ಕಪ್ಪು" ಅಂದ. ಮೇಷ್ಟ್ರು ಹೇಳಿದ ಹಾಗೇ ಆಯ್ತು. ಈಗ ಅದು ಕೇಳಿದ್ದು ಅನ್ನೋ ಕಡೆ ಇದೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಮೂರು.

ಹೊಸಬಳು · ಜೂನ್ 23, ಮಧ್ಯಾಹ್ನ 3:00

ಓದಿ ಖುಷಿಯಾಯ್ತು. ನಾವು ತೀರ್ಥಹಳ್ಳಿ ಕಡೆ ತೋಟದ ಮನೆ. ಮಕ್ಕಳನ್ನ ಹೊರಗೆ ಬಿಡೋಕೆ ಹಾವಿನ ಭಯ. ಕಲ್ಲು ಎತ್ತಿ ನೋಡ್ತೀವಿ ಅಂತಾರೆ.

ಮಲೆನಾಡ ಮೇಷ್ಟ್ರು · ಜೂನ್ 23, ರಾತ್ರಿ 8:40

ಭಯ ಇರಲಿ ತಾಯಿ, ಒಳ್ಳೇದೇ. ಕಲ್ಲನ್ನ ಬರಿಗೈಯಲ್ಲಿ ಎತ್ತಬಾರದು, ಕೋಲಿನಿಂದ ಎತ್ತಬೇಕು. ನಮ್ಮ ಕಡೆ ಅಂಚು ನೆಲದಲ್ಲೇ ಇರಬೇಕು, ಆಚೆ ಕಡೆ ಅಂಚು ಏಳಬೇಕು. ಆಗ ಒಳಗಿದ್ದದ್ದು ನಮ್ಮಿಂದ ದೂರ ಹೋಗುತ್ತೆ. ನೋಡಿಯಾದ ಮೇಲೆ ಕಲ್ಲು ಇದ್ದ ಹಾಗೇ ಮುಚ್ಚಬೇಕು, ಅದು ಯಾರದೋ ಮನೆ ಸೂರು. ಮಳೆಗಾಲದಲ್ಲಿ ತರಗೆಲೆಗೆ ಕೈ ಹಾಕೋದೇ ಬೇಡ. ಹಕ್ಕಿ ಗೂಡಿನ ಹತ್ತಿರ ಹೋಗೋದು, ಮೊಟ್ಟೆ ಮುಟ್ಟೋದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಅನ್ನೋದು ಆಮೇಲಿನ ಮಾತು. ನಾವು ಹೋದ ದಾರಿ ನೋಡಿ ಕಾಗೆ ಹಿಂದೆ ಬರುತ್ತೆ.

ನಮ್ಮ ಕಡೆಯವರಿಗೆ ಹಾವಿಗಿಂತ ಮುಖ್ಯವಾದದ್ದು ಉಣುಗು. ಅದು ಕಚ್ಚಿ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆಗಾಲ ಕಳೆದು ಬೇಸಿಗೆ ಮುಗಿಯೋ ತನಕ ಅದರ ಕಾಲ. ಆ ದಿನಗಳಲ್ಲಿ ಮಕ್ಕಳನ್ನ ಕಾಡಂಚಿಗೆ ಕರೆದುಕೊಂಡು ಹೋಗಲ್ಲ ನಾನು, ಅಂಗಳದಲ್ಲೇ ಡೈರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇದನ್ನ ಮಾತ್ರ ಮಕ್ಕಳು ಕೇಳಿದ್ದು ಅಂತಲೇ ಬರೆದುಕೊಂಡರೆ ಸಾಕು. ಕಾಣೋದು ಬೇಡ.

ಎರಡನೇ ಮಹಡಿ · ಜೂನ್ 30, ರಾತ್ರಿ 9:30

ಹುಳ ಕಾಣೆಯಾಗಿತ್ತು! ನಿನ್ನೆ ಬೆಳಿಗ್ಗೆ ಗಿಡದಲ್ಲಿ ಇಲ್ಲ. ಕೆಳಗೆ ಹಾಸಿದ್ದ ಪೇಪರ್ ಮೇಲೆ ದಿನದ ಹಾಗೆ ಗಟ್ಟಿ ಹಿಕ್ಕೆ ಇಲ್ಲ, ಒದ್ದೆ ಒದ್ದೆ ಒಂದು ಕಲೆ. ಸತ್ತೇ ಹೋಯ್ತು ಅಂತ ಮಗ ತಿಂಡಿ ತಿನ್ನಲಿಲ್ಲ. ಹಕ್ಕಿ ಒಯ್ದಿರಬೇಕು ಅಂತ ನಾನು ಸಮಾಧಾನ ಮಾಡೋಕೆ ಹೋಗಿ ಇನ್ನೂ ಕೆಡಿಸಿದೆ.

ಇವತ್ತು ಕೆಲಸಕ್ಕೆ ಬರೋ ಅಕ್ಕ ಬಾಲ್ಕನಿ ಗುಡಿಸೋಕೆ ಮೂಲೆಯಲ್ಲಿದ್ದ ಪೊರಕೆ ತೆಗೆದರು. "ಅಮ್ಮಾ, ಪೊರಕೆ ಹಿಡೀಲಿ ಏನೋ ಅಂಟಿಕೊಂಡಿದೆ" ಅಂದರು. ಕೋಶ! ಬಾಲದ ತುದಿ ಕೆಳಗೆ ಅಂಟಿಸಿಕೊಂಡು, ಸೊಂಟಕ್ಕೆ ಒಂದು ಎಳೆ ದಾರ ಬಿಗಿದುಕೊಂಡು, ಕರೆಂಟ್ ಕಂಬ ಹತ್ತೋ ಲೈನ್‌ಮನ್ ಹಾಗೆ ಹಿಂದಕ್ಕೆ ವಾಲಿದೆ. ಗಿಡದಿಂದ ಇಳಿದು ಐದಾರು ಅಡಿ ನಡೆದುಕೊಂಡು ಹೋಗಿದೆ. ಬಣ್ಣ ಕೂಡ ಹಸಿರಲ್ಲ, ಪೊರಕೆ ಹಿಡಿಯ ಕಂದು.

ಈಗ ಪೊರಕೆ ಬಳಸೋ ಹಾಗಿಲ್ಲ.

ಕುಂದಾಪುರದ ಅಮ್ಮ · ಜೂನ್ 30, ರಾತ್ರಿ 9:48

ಆ ಒದ್ದೆ ಕಲೆ ಕೋಶ ಕಟ್ಟೋ ಮುಂಚಿನದ್ದು. ಹೊಟ್ಟೆ ಖಾಲಿ ಮಾಡಿಕೊಂಡು ಹೊರಡುತ್ತೆ. ಹತ್ತು ದಿನ ಕಾಯಿರಿ. ಹಿಂದಿನ ದಿನ ಕೋಶ ಕಪ್ಪಾಗಿ ಒಳಗಿನ ರೆಕ್ಕೆ ಕಾಣುತ್ತೆ. ಹೊಸ ಪೊರಕೆ ತನ್ನಿ.

ಎರಡನೇ ಮಹಡಿ · ಜುಲೈ 10, ಸಂಜೆ 7:15

ನಿನ್ನೆ ರಾತ್ರಿ ಕೋಶ ಕಪ್ಪಾಗಿತ್ತು. ಇವತ್ತು ಬೆಳಿಗ್ಗೆ ಐದೂವರೆಗೇ ಎದ್ದು ಕೂತ. 7:40ಕ್ಕೆ ಶಾಲೆ ವ್ಯಾನು, ಏನೂ ಆಗಿರಲಿಲ್ಲ. ರಜೆ ಹಾಕಿಸು ಅಂತ ಅತ್ತ. ಕಿರುಪರೀಕ್ಷೆ ಇತ್ತು, ಕಳಿಸಿದೆ. ನಾನೂ ಆಫೀಸಿಗೆ ಹೋದೆ. ತಪ್ಪು ಮಾಡಿದೆನಾ ಅಂತ ದಿನವಿಡೀ ಅನ್ನಿಸ್ತಾ ಇತ್ತು. ಸಂಜೆ ಬಂದವನು ಅಕ್ಕನ್ನ ಬಾಲ್ಕನಿಯಲ್ಲಿ ಕೂರಿಸಿಕೊಂಡು ಪೋಲೀಸಿನವರ ಹಾಗೆ ಪ್ರಶ್ನೆ ಕೇಳಿದ. ಪುಟವನ್ನ ಇದ್ದ ಹಾಗೇ ಇಲ್ಲಿ ಹಾಕ್ತಾ ಇದ್ದೀನಿ, ಕಾಗುಣಿತ ಮಾತ್ರ ನಾನು ಸರಿ ಮಾಡಿದ್ದು:

"ಜುಲೈ 10. ಬಾಲ್ಕನಿ. ಮೋಡ.
ಕಂಡದ್ದು: ಖಾಲಿ ಕೋಶ. ತಲೆ ಹತ್ರ ಒಡೆದಿದೆ. ಪಕ್ಕದಲ್ಲಿ ತೂತಿಲ್ಲ. ಪೊರಕೆ ಮೇಲೆ ಕಂದು ನೀರಿನ ಕಲೆ 2.
ಕೇಳಿದ್ದು: 9 ಗಂಟೆಗೆ ಹೊರಗೆ ಬಂತು. ರೆಕ್ಕೆ ಒದ್ದೆ ಕರ್ಚೀಫ್ ಥರ ಇತ್ತು. ಕಪ್ಪು, ಬಿಳಿ ಚುಕ್ಕೆ ಸಾಲು. ಅಕ್ಕ ಪಾತ್ರೆ ತೊಳೆದು ಬರೋವಾಗ ಅಗಲ ಆಗಿತ್ತು. ಬಟ್ಟೆ ಒಣಗಿಸೋವಾಗ ಇರಲಿಲ್ಲ. ಹೇಳಿದವರು ಅಕ್ಕ. ಅಕ್ಕ ಸುಳ್ಳು ಹೇಳಲ್ಲ.
ಊಹೆ: ಎದುರಿನ ಮರಕ್ಕೆ ಹೋಗಿದೆ.
ಕಂಡದ್ದು (ಬೇರೆ): ಚುಕ್ಕೆ ಶರ್ಟ್ ಕಿಕ್ ಕಿಕ್ ಅಂತು. ಬಾಯಿ ಆಡಿದ್ದು ನೋಡಿದೆ."

ಜೀವಶಾಸ್ತ್ರದವ · ಜುಲೈ 10, ಸಂಜೆ 7:30

ಕಂದು ನೀರು ರಕ್ತ ಅಲ್ಲ ಅಂತ ಅವನಿಗೆ ಹೇಳಿ. ಕೋಶದೊಳಗೆ ಕೂಡಿದ್ದ ಕಲ್ಮಶ, ಹೊರಬಂದ ಮೇಲೆ ಚಿಟ್ಟೆ ಬಿಡೋದು. ಕೇಳಿದ್ದು ಅನ್ನೋ ಕಡೆ ಬರೆಯಲಿ, ಹೇಳಿದವರು ಕಾಲೇಜಿನ ಅಂಕಲ್.

ಧಾರವಾಡದ ಅಜ್ಜಿ · ಜುಲೈ 10, ರಾತ್ರಿ 8:05

ಆ ಅಕ್ಕಗೊಂದ ನೋಟ್‌ಬುಕ್ ಕೊಡಸ ತಂಗಿ.

ಎರಡನೇ ಮಹಡಿ · ಜುಲೈ 10, ರಾತ್ರಿ 8:20

ಮಗ ಆಗಲೇ ಸ್ಕೆಚ್ ಬುಕ್ ಕೊಟ್ಟಾಯ್ತು ಅಜ್ಜಿ, ಟೀವಿ ಕೆಳಗಿದ್ದದ್ದು. ಅವರ ಮೊಮ್ಮಗಳು ಬಳಸ್ತಾಳಂತೆ. ಪೊರಕೆ ಮಾತ್ರ ಇನ್ನೂ ಮುಟ್ಟೋಕೆ ಬಿಡ್ತಿಲ್ಲ, ಖಾಲಿ ಕೋಶ ಬಿಡಿಸಬೇಕಂತೆ.